ಓದುಗರ ಪ್ರಶ್ನೆ, ವೈದ್ಯರ ಉತ್ತರ: ದಿನ ತುಂಬುವ ಮುನ್ನ ಹುಟ್ಟಿದ ಮಕ್ಕಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕುರಿತಾಗಿವೆ. ಗರ್ಭದಲ್ಲಿ 37 ವಾರ ತುಂಬುವ ಮುನ್ನ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಇಂಥ 1.34 ಕೋಟಿ ಮಕ್ಕಳು ಹುಟ್ಟಿದರು; ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಹಿಂದೆ ಇಂಥ ಪತ್ರಗಳಲ್ಲಿ ಮಗು ಉಳಿಯುತ್ತದೆಯೇ ಎಂಬುದೇ ಪ್ರಶ್ನೆಯಾಗಿರುತ್ತಿತ್ತು. ಈಗ ಮಗು ಉಳಿದಿದೆ, ಹೇಗೆ ಬೆಳೆಯುತ್ತದೆ ಎಂದು ಕೇಳುತ್ತಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರಿನ ಕಡೆಯನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು 30ನೇ ವಾರದಲ್ಲಿ ಹುಟ್ಟಿದಳು, ಹುಟ್ಟುವಾಗ 1,250 ಗ್ರಾಂ ತೂಕವಿದ್ದಳು. ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಈಗ ಅವಳಿಗೆ ಹನ್ನೊಂದು ತಿಂಗಳು. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದೆ. ನನ್ನ ಮಗಳು ಎರಡೂ ಕೈಗಳನ್ನು ನೆಲಕ್ಕೆ ಊರಿಕೊಂಡು ಕೂರುತ್ತಾಳೆ, ಅಷ್ಟೇ. ಆದರೆ ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ತುದಿಗಾಲಿನ ಮೇಲೆ ಬಿಗಿಯಾಗಿ ನಿಲ್ಲುತ್ತಾಳೆ. ಕಾಲು ಗಟ್ಟಿಯಾಗಿದೆ, ಬೇಗ ನಡೆಯುತ್ತಾಳೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇನ್ನಷ್ಟು ದಿನ ಕಾಯಬಹುದೇ?
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದಕ್ಕೆ ಸಮಾಧಾನ ಹೇಳಬಹುದು, ಇನ್ನೊಂದಕ್ಕೆ ಹೇಳಲಾರೆ.

ಸಮಾಧಾನದ ಮಾತು ವಯಸ್ಸಿನ ಲೆಕ್ಕಕ್ಕೆ ಸಂಬಂಧಿಸಿದ್ದು. ಗರ್ಭದ ಪೂರ್ಣ ಅವಧಿ 40 ವಾರ. ನಿಮ್ಮ ಮಗಳು 10 ವಾರ ಮುಂಚೆ ಬಂದಿದ್ದರಿಂದ ಸುಮಾರು ಎರಡೂವರೆ ತಿಂಗಳನ್ನು ಈಗಿನ ವಯಸ್ಸಿನಿಂದ ಕಳೆಯಬೇಕು. ಉಳಿಯುವುದು ಎಂಟೂವರೆ ತಿಂಗಳು. ಇದನ್ನು ತಿದ್ದಿದ ವಯಸ್ಸು ಎನ್ನುತ್ತೇವೆ. ಎರಡು ವರ್ಷ ತುಂಬುವವರೆಗೆ ಕೂರುವುದು, ತೆವಳುವುದು, ನಡೆಯುವುದು, ಮಾತು ಕಲಿಯುವುದು, ಎಲ್ಲವನ್ನೂ ಈ ವಯಸ್ಸಿನಿಂದಲೇ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ಮಕ್ಕಳನ್ನು ಗಮನಿಸಿ ಕೊಟ್ಟಿರುವ ಅಂಕಿಗಳ ಪ್ರಕಾರ ಆಸರೆಯಿಲ್ಲದೆ ಕೂರುವುದಕ್ಕೆ 9 ತಿಂಗಳವರೆಗೂ, ತಾನಾಗಿ ನಡೆಯುವುದಕ್ಕೆ ಹದಿನೇಳೂವರೆ ತಿಂಗಳವರೆಗೂ ಅವಕಾಶವಿದೆ. ಹಾಗಾಗಿ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದನ್ನು ಈಗಲೇ ಬಿಡಿ; ಹೊರಗೆ ಒಂದೇ ವಯಸ್ಸಾದರೂ ಇಬ್ಬರ ಮಿದುಳಿಗೆ ಒಂದೇ ವಯಸ್ಸಲ್ಲ.

ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಅತ್ತೆಯವರಿಗೆ ಧೈರ್ಯ ಕೊಟ್ಟಿರುವ ಆ ಗಟ್ಟಿ ಕಾಲುಗಳೇ. ಈ ವಯಸ್ಸಿನ ಮಗುವನ್ನು ನಿಲ್ಲಿಸಿದಾಗ ಪಾದ ಪೂರ್ತಿಯಾಗಿ ನೆಲಕ್ಕೆ ತಾಗಬೇಕು, ಮಂಡಿ ಆಗಾಗ ಮಡಚಿಕೊಳ್ಳಬೇಕು, ಮಗು ಪುಟಿಯಬೇಕು. ಯಾವಾಗಲೂ ತುದಿಗಾಲಿನ ಮೇಲೆ ಸೆಟೆದು ನಿಂತರೆ ಅದನ್ನು ಶಕ್ತಿ ಎಂದುಕೊಳ್ಳಬಾರದು, ಅದು ಸ್ನಾಯುಗಳ ಬಿಗಿತವಿರಬಹುದು. ನಾಳೆ ಬಟ್ಟೆ ಬದಲಿಸುವಾಗ ಕೆಲವನ್ನು ಗಮನಿಸಿ. ತೊಡೆಗಳನ್ನು ಅಗಲಿಸುವಾಗ ಕೈಗೆ ಎದುರೊತ್ತು ಸಿಗುತ್ತದೆಯೇ, ಪಾದವನ್ನು ಮೇಲಕ್ಕೆ ಮಡಚಲು ಹೋದರೆ ಹಿಮ್ಮಡಿ ಬಿಗಿಹಿಡಿಯುತ್ತದೆಯೇ, ಎತ್ತಿಕೊಂಡಾಗ ಒಂದು ಕಾಲು ಇನ್ನೊಂದರ ಮೇಲೆ ಅಡ್ಡ ಬರುತ್ತದೆಯೇ? ಆಟಿಕೆ ಹಿಡಿಯಲು ಸದಾ ಒಂದೇ ಕೈ ಮುಂದೆ ಬರುತ್ತಿದ್ದರೆ ಅದನ್ನೂ ಹೇಳಬೇಕು. ಒಂದು ವರ್ಷದೊಳಗಿನ ಮಗು ಎಡಗೈ ಬಲಗೈ ಎಂದು ಆರಿಸಿಕೊಳ್ಳುವುದಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ತಿಳಿದಿದ್ದರೆ ಒಳ್ಳೆಯದು. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. 32ನೇ ವಾರದವರೆಗೂ ಆ ಕುಹರಗಳ ಅಂಚಿನ ರಕ್ತನಾಳಗಳು ಬಲು ನಾಜೂಕಾಗಿರುತ್ತವೆ. ಸುತ್ತಲಿನ ನರತಂತುಗಳಿಗೆ ಕವಚ ಕಟ್ಟಬೇಕಾದ ಜೀವಕೋಶಗಳು ಆಗಷ್ಟೇ ಬಲಿಯುತ್ತಿರುತ್ತವೆ. ಉಸಿರಾಟದ ತೊಂದರೆ, ರಕ್ತದೊತ್ತಡದ ಏರಿಳಿತ, ಸೋಂಕು, ಇವುಗಳ ಹೊಡೆತ ಮೊದಲು ಬೀಳುವುದು ಅಲ್ಲಿಗೆ. ಕಾಲುಗಳಿಗೆ ಆಜ್ಞೆ ಒಯ್ಯುವ ತಂತುಗಳು ಕುಹರದ ಗೋಡೆಗೆ ಅತಿ ಸಮೀಪದಲ್ಲಿ ಸಾಗುತ್ತವೆ, ಕೈಗಳದ್ದು ಅದರಿಂದಾಚೆಗೆ. ಆದ್ದರಿಂದಲೇ ದಿನ ತುಂಬದ ಮಕ್ಕಳಲ್ಲಿ ಕೈಗಿಂತ ಕಾಲುಗಳ ಬಿಗಿತ ಹೆಚ್ಚಾಗಿ ಕಾಣುತ್ತದೆ, ಮತ್ತು ಆ ಮಕ್ಕಳಲ್ಲಿ ಬಹಳಷ್ಟು ಮಂದಿಯ ಬುದ್ಧಿಶಕ್ತಿ ಚೆನ್ನಾಗಿಯೇ ಇರುತ್ತದೆ. ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಚಲನೆ ಕೆಡುವ ಸೆರೆಬ್ರಲ್ ಪಾಲ್ಸಿಯ ಒಂದು ಬಗೆಯಿದು. ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಸ್ಥೂಲವಾಗಿ ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇಂಥ ಗಂಭೀರ ಚಲನಾ ತೊಂದರೆ ಬರುತ್ತದೆ. ಅಂದರೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ನಿಮ್ಮ ಮಗಳು ಯಾವ ಕಡೆಯವಳು ಎಂಬುದು ಪತ್ರದಿಂದ ತಿಳಿಯದು, ಮುಟ್ಟಿ ನೋಡಿಯೇ ತಿಳಿಯಬೇಕು.

ಆದ್ದರಿಂದ ಕಾಯಬೇಡಿ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನೂ ನೆತ್ತಿಯ ಮೂಲಕ ಮಾಡಿದ ತಲೆಯ ಸ್ಕ್ಯಾನ್ ವರದಿಯನ್ನೂ ಹಿಡಿದು ಮಕ್ಕಳ ವೈದ್ಯರ ಬಳಿಗೆ ಹೋಗಿ. ಸ್ನಾಯುಗಳ ಬಿಗಿತ, ಚಲನೆಯ ಗುಣಮಟ್ಟ, ಪ್ರತಿಕ್ರಿಯೆಗಳಿಗೆ ಅಂಕ ಕೊಟ್ಟು ಅಳೆಯುವ ಹ್ಯಾಮರ್‌ಸ್ಮಿತ್ ಪರೀಕ್ಷೆಯಂಥ ಕ್ರಮಗಳಿವೆ. ಅಗತ್ಯವೆನಿಸಿದರೆ ಎಂಆರ್‌ಐ ಮಾಡಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿಯೇ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆಯಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಕಾಯಿಲೆಗೆ ಹೆಸರು ಇಡುವವರೆಗೆ ಫಿಸಿಯೋಥೆರಪಿಯನ್ನು ಮುಂದೂಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮಿದುಳು ಹೊಸ ದಾರಿಗಳನ್ನು ಹುಡುಕಿಕೊಳ್ಳುವ ಶಕ್ತಿ ಮೊದಲ ಎರಡು ವರ್ಷಗಳಲ್ಲಿ ಇದ್ದಷ್ಟು ಮುಂದೆ ಇರುವುದಿಲ್ಲ. ಥೆರಪಿ ಎಂದರೆ ಯಾರೋ ಮಗುವಿನ ಕಾಲು ಹಿಡಿದು ಎಳೆಯುವುದು ಮಾತ್ರವಲ್ಲ. ಮಗು ತಾನೇ ಬಯಸಿ ಮಾಡುವ ಚಲನೆಯೇ ಹೆಚ್ಚು ಫಲ ಕೊಡುತ್ತದೆ. ಬೇಕಾದ ವಸ್ತುವನ್ನು ಎದುರಿಗಿಡುವ ಬದಲು ಪಕ್ಕಕ್ಕೆ ಇಟ್ಟರೆ ಅವಳು ಒಂದು ಕೈ ಎತ್ತಿ ಸೊಂಟ ತಿರುಗಿಸಲೇಬೇಕಾಗುತ್ತದೆ. ತುದಿಗಾಲಿನಲ್ಲಿ ನಿಲ್ಲಿಸಿ ಕುಣಿಸುವ ಆಟವನ್ನು ಮಾತ್ರ ಇಂದೇ ನಿಲ್ಲಿಸಿ.

ಪ್ರಶ್ನೆ: ನಮ್ಮ ಮೊಮ್ಮಗ 32ನೇ ವಾರದಲ್ಲಿ ಹುಟ್ಟಿ ಈಗ ಇಪ್ಪತ್ತು ದಿನವಾಗಿದೆ. ತಿಂಗಳೊಳಗೆ ಕಣ್ಣಿನ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಮಗು ದೀಪದ ಕಡೆಗೆ ಚೆನ್ನಾಗಿ ನೋಡುತ್ತದೆ. ಮಳೆ ಜೋರಾಗಿದೆ, ಬಾಣಂತಿಯನ್ನೂ ಕೂಸನ್ನೂ ನಲವತ್ತು ದಿನ ಹೊಸ್ತಿಲು ದಾಟಿಸುವ ರೂಢಿ ನಮ್ಮಲ್ಲಿಲ್ಲ. ಆಮೇಲೆ ಮಾಡಿಸಿದರೆ ಆಗದೇ?
— ತೀರ್ಥಹಳ್ಳಿ ಕಡೆಯವರು

ಉತ್ತರ: ಆಗದು. ಪತ್ರಿಕೆ ನಿಮ್ಮ ಕೈಸೇರುವಷ್ಟರಲ್ಲಿ ತಡವಾಗುತ್ತದೆಂದು ನಿಮಗೆ ನೇರವಾಗಿ ತಿಳಿಸಿದ್ದೇನೆ. ಇಲ್ಲಿ ಅಚ್ಚು ಹಾಕಿಸುತ್ತಿರುವುದು ಇತರರಿಗಾಗಿ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಹರಡಿಕೊಳ್ಳುವುದು ದಿನ ತುಂಬುವ ಹೊತ್ತಿಗೆ. ಮಗು ಮುಂಚೆ ಹುಟ್ಟಿ ಆಮ್ಲಜನಕದ ಏರುಪೇರಿಗೆ ಸಿಕ್ಕಿದರೆ ಅವು ಅಡ್ಡಾದಿಡ್ಡಿ ಬೆಳೆದು ಕೊನೆಗೆ ಪಟಲವನ್ನೇ ಕಿತ್ತುಹಾಕಬಹುದು. ಹೊರಗಿನಿಂದ ಯಾವ ಸುಳಿವೂ ಸಿಗುವುದಿಲ್ಲ, ಆ ಹಂತದಲ್ಲೂ ಮಗು ದೀಪ ನೋಡುತ್ತಲೇ ಇರುತ್ತದೆ. ನಮ್ಮ ದೇಶದ ಮಾರ್ಗಸೂಚಿಯಂತೆ 34 ವಾರಕ್ಕಿಂತ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಪ್ರತಿ ಮಗುವಿಗೂ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು; 28 ವಾರಕ್ಕಿಂತ ಮೊದಲು ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಎರಡು ಮೂರು ವಾರಗಳಲ್ಲೇ ಆಗಬೇಕು. ಸಕಾಲದಲ್ಲಿ ಲೇಸರ್ ಅಥವಾ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನ ಕಣ್ಣುಗಳು ಉಳಿಯುತ್ತವೆ. ಆ ಸಮಯ ಎಷ್ಟು ಕಿರಿದೆಂದರೆ ಅದು ಕೆಲವೊಮ್ಮೆ ಎರಡು ಮೂರು ದಿನಗಳ ಮಾತು. 2008ರಲ್ಲಿ ನಮ್ಮ ರಾಜ್ಯದಲ್ಲೇ ಆರಂಭವಾದ ಕಿಡ್‌ರಾಪ್ ಎಂಬ ಯೋಜನೆ, ತಂತ್ರಜ್ಞರ ಕೈಯಲ್ಲಿ ಕ್ಯಾಮೆರಾ ಕೊಟ್ಟು ಊರೂರಿಗೆ ಕಳುಹಿಸಿ, ಕಣ್ಣಿನ ಚಿತ್ರಗಳನ್ನು ದೂರದ ತಜ್ಞರು ಓದುವ ಏರ್ಪಾಡು ಮಾಡಿದ್ದೇ ಈ ಅವಸರದ ಕಾರಣಕ್ಕೆ.

ಬಾಣಂತನದ ನಲವತ್ತು ದಿನಗಳೂ ಈ ಪರೀಕ್ಷೆಯ ಮೂವತ್ತು ದಿನಗಳೂ ಒಂದರ ಮೇಲೊಂದು ಬೀಳುವುದು ನಮ್ಮ ಕಡೆಯ ನಿಜವಾದ ಕಷ್ಟ. ಬಾಣಂತನದ ಕಟ್ಟುಪಾಡು ತಾಯಿಗೆ ವಿಶ್ರಾಂತಿ ಸಿಗಲೆಂದೂ ಮಗುವಿಗೆ ಸೋಂಕು ತಾಗದಿರಲೆಂದೂ ಬಂದದ್ದು. ಅದರ ಮೇಲೆ ನನಗೆ ಗೌರವವಿದೆ. ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡು, ಮೇಲೆ ಶಾಲು ಹೊದೆಸಿ, ಟೊಪ್ಪಿ ಹಾಕಿ ಗಾಡಿಯಲ್ಲಿ ಕರೆದುಕೊಂಡು ಹೋದರೆ ಆಗುಂಬೆಯ ಮಳೆಯಲ್ಲೂ ಕೂಸು ಬೆಚ್ಚಗಿರುತ್ತದೆ. ಅದೇ ಸುತ್ತಿನಲ್ಲಿ ಕಿವಿಯ ಬೇರಾ ಪರೀಕ್ಷೆಯ ದಿನವನ್ನೂ ಗೊತ್ತುಮಾಡಿಕೊಂಡು ಬನ್ನಿ. ಸರಿಯಾಗಿ ಕಾಣದ ಮಗು ಕೈ ಚಾಚುವುದು ತಡ, ಕೇಳದ ಮಗು ಮಾತಾಡುವುದು ತಡ. ಕಾರಣ ಕಣ್ಣು ಕಿವಿಗಳಲ್ಲಿದ್ದರೂ ಮನೆಯವರು ಅದನ್ನು ಬುದ್ಧಿಯ ಕೊರತೆ ಎಂದುಕೊಂಡುಬಿಡುತ್ತಾರೆ.

ಪ್ರಶ್ನೆ: ನನಗೆ ಮೊದಲ ಹೆರಿಗೆ 33ನೇ ವಾರದಲ್ಲೇ ಆಗಿತ್ತು. ಈಗ ಮತ್ತೆ ಆರು ತಿಂಗಳು. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎನ್ನುತ್ತಾರಲ್ಲ, ನಿಜವೇ?
— ಸೊರಬ ತಾಲ್ಲೂಕು

ಉತ್ತರ: ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. 34ನೇ ವಾರದ ಮಗುವಿನ ಮಿದುಳು, ದಿನ ತುಂಬಿದ ಮಗುವಿನ ಮಿದುಳಿನ ತೂಕದ ಮೂರನೇ ಎರಡರಷ್ಟು ಮಾತ್ರ ಇರುತ್ತದೆ. ಉಳಿದ ಭಾಗ, ಅದರ ಮೇಲ್ಮೈಯ ಮಡಿಕೆಗಳಲ್ಲಿ ಬಹುಪಾಲು, ಕೊನೆಯ ವಾರಗಳಲ್ಲಿ ಆಗುವ ಕೆಲಸ. ನೀವು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಅಕಾಲದಲ್ಲಿ ನೋವು ಅಥವಾ ನೀರು ಹೋಗುವುದು ಕಂಡರೆ ರಾತ್ರಿಯಾದರೂ ಹೊರಡಿ. ಮೊದಲ ಆರೋಗ್ಯ ಕೇಂದ್ರದಲ್ಲೇ ಸ್ಟೆರಾಯ್ಡ್ ಚುಚ್ಚುಮದ್ದಿನ ಬಗ್ಗೆ ಕೇಳಿ. 24ರಿಂದ 34 ವಾರಗಳ ನಡುವಿನ ತಾಯಂದಿರಿಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಡೆಕ್ಸಾಮೆಥಾಸೋನ್‌ನ ಮೊದಲ ಡೋಸನ್ನು ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಕೂಡ ಕೊಡಲು 2014ರಿಂದ ಸರ್ಕಾರದ ಅನುಮತಿಯಿದೆ. ಇದು ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ, ಮಿದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟ ಚಿಕಿತ್ಸೆಯಿದು. 32 ವಾರಕ್ಕಿಂತ ಮೊದಲಾದರೆ ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಸಲ್ಫೇಟನ್ನೂ ಕೊಡುತ್ತಾರೆ. ಅದು ಸೆರೆಬ್ರಲ್ ಪಾಲ್ಸಿಯ ಸಂಭವವನ್ನು ತಗ್ಗಿಸುತ್ತದೆ. ನಿಮ್ಮ ಹಿಂದಿನ ಹೆರಿಗೆಯ ವಿಷಯವನ್ನು ತಾಯಿ ಕಾರ್ಡಿನ ಮೇಲೆ ಎದ್ದುಕಾಣುವಂತೆ ಬರೆಸಿಡಿ.

ಪ್ರಶ್ನೆ: ನನ್ನ ಮಗ ಮೂರನೇ ತರಗತಿಯಲ್ಲಿದ್ದಾನೆ. ಮೇ ತಿಂಗಳಲ್ಲಿ, 31ನೇ ವಾರಕ್ಕೆ ಹುಟ್ಟಿದವನು. 1,400 ಗ್ರಾಂ ಇದ್ದ. ಹದಿನಾರು ತಿಂಗಳಿಗೆ ನಡೆದ, ಮಾತೂ ಬಂತು. ಇನ್ನೇನೂ ತೊಂದರೆಯಿಲ್ಲವೆಂದು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದೆವು. ಈಗ ಕಥೆ ಪುಸ್ತಕ ಓದುತ್ತಾನೆ, ಕೇಳಿದ್ದನ್ನು ಬಾಯಲ್ಲಿ ಚೆನ್ನಾಗಿ ಹೇಳುತ್ತಾನೆ. ಆದರೆ ಬರವಣಿಗೆ ಬಹಳ ನಿಧಾನ, ಲೆಕ್ಕದಲ್ಲಿ ಹಿಂದೆ. ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಾನೆ, ಸೈಕಲ್ ಇನ್ನೂ ಬಂದಿಲ್ಲ. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ಬೇಗ ಹುಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಒಬ್ಬ ತಂದೆ, ಸಾಗರ

ಉತ್ತರ: ಇರಬಹುದು, ಮತ್ತು ಈ ಸಂಬಂಧವನ್ನು ಯಾರೂ ನಿಮಗೆ ಹೇಳಿರಲಿಲ್ಲ ಎಂಬುದು ನನಗೆ ಆಶ್ಚರ್ಯ ತರುವುದಿಲ್ಲ. ಮಗು ನಡೆದ ದಿನ ಮನೆಯವರು ಫೈಲು ಮುಚ್ಚುತ್ತಾರೆ, ನಮ್ಮ ವ್ಯವಸ್ಥೆಯೂ ಮುಚ್ಚುತ್ತದೆ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಕೇಳುತ್ತಾರೆ, ಎಷ್ಟನೇ ವಾರಕ್ಕೆ ಹುಟ್ಟಿದ್ದು ಎಂದು ಕೇಳುವುದಿಲ್ಲ. ಆದರೆ ಅವಧಿಪೂರ್ವ ಜನನದ ಸೂಕ್ಷ್ಮ ಪರಿಣಾಮಗಳು ಬೆಳಕಿಗೆ ಬರುವುದು ಬಹುಮಟ್ಟಿಗೆ ಎರಡನೇ, ಮೂರನೇ ತರಗತಿಯಲ್ಲಿಯೇ. ಆವರೆಗೆ ಕೇಳಿ ಹೇಳುವ ಕಲಿಕೆಯಾಗಿದ್ದದ್ದು ಆಗ ನೋಡಿ, ಹೊಂದಿಸಿ, ನೆನಪಿನಲ್ಲಿ ಹಿಡಿದು, ಕೈಯಿಂದ ಬರೆಯುವ ಕಲಿಕೆಯಾಗುತ್ತದೆ.

ನಿಮ್ಮ ಮಗನ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿ. ಕೂಡುವ ಲೆಕ್ಕದಲ್ಲಿ ಹತ್ತರ ಸ್ಥಾನದ ಅಂಕಿ ಬಿಡಿಯ ಸ್ಥಾನದ ಕೆಳಗೆ ಜಾರಿದೆಯೇ? ಒತ್ತಕ್ಷರ ತನ್ನ ಅಕ್ಷರದ ಕೆಳಗಿರದೆ ಮುಂದಿನ ಅಕ್ಷರದ ಕೆಳಗೆ ಬಂದಿದೆಯೇ? ಹಲಗೆಯಿಂದ ನಕಲು ಮಾಡಿದ ವಾಕ್ಯ ನಡುವೆ ತುಂಡಾಗಿ, ಅರ್ಧ ಪುಟ ಖಾಲಿ ಉಳಿದಿದೆಯೇ? ಹಾಗಿದ್ದರೆ ಹುಡುಗನಿಗೆ ಕೂಡುವುದು ಗೊತ್ತಿಲ್ಲವೆಂದೇನಲ್ಲ. ಹಾಳೆಯ ಮೇಲೆ ಯಾವುದು ಎಲ್ಲಿರಬೇಕು ಎಂಬ ಅಂದಾಜೂ ಬೆರಳುಗಳ ಹೊಂದಾಣಿಕೆಯೂ ದುರ್ಬಲವಾಗಿವೆ. ಗುಂಡಿ ಹಾಕುವ, ಸೈಕಲ್ ಕಲಿಯುವ ಕಷ್ಟವೂ ಇದೇ ಕಡೆ ಬೆರಳು ತೋರಿಸುತ್ತದೆ. ಸೆರೆಬ್ರಲ್ ಪಾಲ್ಸಿ ಇಲ್ಲದೆಯೂ ಚಲನೆಯ ಹೊಂದಾಣಿಕೆ ಕಡಿಮೆಯಿರುವ ಈ ಸ್ಥಿತಿ ದಿನ ತುಂಬಿದವರಿಗಿಂತ ಬಹಳ ಮುಂಚೆ ಹುಟ್ಟಿದವರಲ್ಲಿ ಸ್ಪಷ್ಟವಾಗಿ ಹೆಚ್ಚು.

ಇನ್ನೊಂದು, ಕೆಲಸದ ನೆನಪು, ಅಂದರೆ ಕೆಲಸ ಮುಗಿಯುವವರೆಗೆ ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ. ಮೇಷ್ಟ್ರು ‘ಪುಸ್ತಕ ತೆಗೆದು, ಮೂವತ್ತನೇ ಪುಟದ ಎರಡನೇ ಲೆಕ್ಕ ಮಾಡಿ, ಉತ್ತರಕ್ಕೆ ಗೆರೆ ಹಾಕಿ’ ಎಂದರೆ ಇಂಥ ಮಗು ಪುಸ್ತಕ ತೆಗೆದು ಸುಮ್ಮನೆ ಕೂರುತ್ತದೆ. ಅಂಗಳ ಚಿಕ್ಕದಿದ್ದರೆ ಅಡಿಕೆ ಎಷ್ಟೇ ಒಳ್ಳೆಯದಿದ್ದರೂ ಒಂದೇ ಸಲಕ್ಕೆ ಹರವಲಾಗದು. ಇಲ್ಲೂ ಕೊರತೆ ಇರುವುದು ಜಾಗದ್ದು, ಸರಕಿನದ್ದಲ್ಲ. ಗಮನದ ತೊಂದರೆಯೂ ಈ ಮಕ್ಕಳಲ್ಲಿ ಹೆಚ್ಚು, ಆದರೆ ಅದು ಕುಣಿದಾಡುವ ಬಗೆಯದಾಗಿರುವುದಕ್ಕಿಂತ ಕಿಟಕಿಯಾಚೆ ನೋಡುತ್ತ ಮೌನವಾಗಿ ಕೂರುವ ಬಗೆಯದಾಗಿರುವುದೇ ಹೆಚ್ಚು. ಗಲಾಟೆ ಮಾಡದ ಮಗುವಿನ ಕಷ್ಟ ತರಗತಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸೋಮಾರಿ ಎಂಬ ಹಣೆಪಟ್ಟಿ ಅಂಟುವುದು ಹೀಗೆ.

ಬುದ್ಧಿಮಟ್ಟದ ಬಗ್ಗೆ ನೀವು ನೇರವಾಗಿ ಕೇಳಿಲ್ಲವಾದರೂ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಬಹಳ ಮುಂಚೆ ಹುಟ್ಟಿದ ಮಕ್ಕಳನ್ನು ಶಾಲಾ ವಯಸ್ಸಿನಲ್ಲಿ ಅಳೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನ ತುಂಬಿ ಹುಟ್ಟಿದವರ ಸರಾಸರಿಗಿಂತ ಅವರ ಸರಾಸರಿ ಬುದ್ಧ್ಯಂಕ 11ರಿಂದ 13 ಅಂಶ ಕಡಿಮೆಯಿರುವುದು ಕಂಡಿದೆ. ಇದು ಗುಂಪಿನ ಸರಾಸರಿ. ಅದೇ ಗುಂಪಿನಲ್ಲಿ ತರಗತಿಗೆ ಮೊದಲಿಗರಾಗುವವರೂ ಇರುತ್ತಾರೆ. ವಾರಗಳು ಕಡಿಮೆಯಾದಷ್ಟೂ ಅಂತರ ಹೆಚ್ಚು, ಮತ್ತು ಮನೆಯಲ್ಲಿ ಸಿಗುವ ಮಾತುಕತೆ, ಪುಸ್ತಕ, ತಾಯಿಯ ವಿದ್ಯಾಭ್ಯಾಸ ಇವೂ ದೊಡ್ಡ ವ್ಯತ್ಯಾಸ ಮಾಡುತ್ತವೆ. ಓದುವುದರಲ್ಲಿ ಮುಂದಿರುವ ನಿಮ್ಮ ಮಗನಿಗೆ ಒಟ್ಟಾರೆ ಒಂದು ಅಂಕ ಕೊಡುವುದರಿಂದ ಪ್ರಯೋಜನವಿಲ್ಲ. ಯಾವುದರಲ್ಲಿ ಬಲ, ಯಾವುದರಲ್ಲಿ ಕೊರತೆ ಎಂದು ಬಿಡಿಸಿ ನೋಡುವ ಪರೀಕ್ಷೆ ಬೇಕು. ಅದನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುತ್ತಾರೆ. ಅದಕ್ಕೂ ಮೊದಲು ಕಣ್ಣು ತೋರಿಸಿ, ಏಕೆಂದರೆ ಬೇಗ ಹುಟ್ಟಿದವರಲ್ಲಿ ಸಮೀಪದೃಷ್ಟಿ ಹೆಚ್ಚು, ಮತ್ತು ಹಲಗೆ ಕಾಣದ ಹುಡುಗ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ವಯಸ್ಸಿನ ಲೆಕ್ಕ ಇಲ್ಲೂ ಒಂದು ಆಟವಾಡಿದೆ. ಎರಡು ವರ್ಷದ ನಂತರ ತಿದ್ದಿದ ವಯಸ್ಸು ಬೇಡವೆನ್ನುತ್ತೇವೆ, ಅದು ಸಾಮಾನ್ಯವಾಗಿ ಸರಿಯೇ. ಆದರೆ ನಿಮ್ಮ ಮಗ ಹುಟ್ಟಬೇಕಾಗಿದ್ದದ್ದು ಜುಲೈ ತಿಂಗಳಲ್ಲಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಲೆಕ್ಕವನ್ನು ನಿಮ್ಮ ಶಾಲೆ ಹಿಡಿದಿದ್ದರೆ, ದಿನ ತುಂಬಿ ಹುಟ್ಟಿದ್ದಲ್ಲಿ ಅವನು ಮುಂದಿನ ವರ್ಷ ಶಾಲೆಗೆ ಹೋಗುತ್ತಿದ್ದ. ಹಾಗಿದ್ದರೆ ಅವನು ತರಗತಿಯಲ್ಲೇ ಕಿರಿಯವನು, ಮಿದುಳಿನ ವಯಸ್ಸಿನಲ್ಲಿ ಇನ್ನೂ ಕಿರಿಯವನು. ಈಗ ಒಂದು ವರ್ಷ ಹಿಂದೆ ಹಾಕಿ ಎಂದು ಹೇಳುತ್ತಿಲ್ಲ, ಗೆಳೆಯರಿಂದ ಕಿತ್ತರೆ ಮಗುವಿಗೆ ಅವಮಾನವೇ ಹೆಚ್ಚು. ಆದರೆ ಪುಟ್ಟ ಮಕ್ಕಳ ತಂದೆತಾಯಿ ಶಾಲೆಗೆ ಸೇರಿಸುವ ಮುನ್ನ ಇದನ್ನು ಯೋಚಿಸಲಿ.

ಶಾಲೆಯಲ್ಲಿ ಕೇಳಿಕೊಳ್ಳಬೇಕಾದದ್ದು ದುಬಾರಿಯದೇನಲ್ಲ. ಲೆಕ್ಕಕ್ಕೆ ಚೌಕಳಿ ಪುಸ್ತಕ, ಮುಂದಿನ ಸಾಲಿನ ಜಾಗ, ಒಂದು ಸಲಕ್ಕೆ ಒಂದೇ ಸೂಚನೆ, ನಕಲು ಬರೆಯುವ ಹೊರೆ ಕಡಿಮೆ, ಗೊತ್ತಿದೆಯೋ ಇಲ್ಲವೋ ಎಂದು ನೋಡಲು ಬಾಯಿಮಾತಿನ ಪ್ರಶ್ನೆ. ಇಷ್ಟಕ್ಕೇ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಕಲಿಕಾ ನ್ಯೂನತೆ ಖಚಿತವಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನೂ ಗುರುತಿಸಿರುವುದರಿಂದ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಸೈಕಲ್ ಕಲಿಸುವುದನ್ನು ಬಿಡಬೇಡಿ. ಪೆಡಲ್ ಬಿಚ್ಚಿ, ಸೀಟು ತಗ್ಗಿಸಿ, ಇಳಿಜಾರಿಲ್ಲದ ಕಡೆ ಕಾಲಿನಿಂದ ತಳ್ಳಿಕೊಂಡು ಹೋಗಲು ಬಿಡಿ, ಸಮತೋಲ ಬಂದ ಮೇಲೆ ಪೆಡಲ್ ಹಾಕಿ. ಸಾಗರದ ಏರುತಗ್ಗುಗಳಲ್ಲಿ ಮಟ್ಟಸ ಜಾಗ ಹುಡುಕುವುದೇ ನಿಮಗೆ ಕಷ್ಟವಾದೀತು!

ಪ್ರಶ್ನೆ: ಮೊಮ್ಮಗಳು 33ನೇ ವಾರಕ್ಕೆ ಹುಟ್ಟಿದವಳು, ಈಗ ನಾಲ್ಕು ತಿಂಗಳು. ಮಾತು ಬೇಗ ಬರಲೆಂದು ಬಜೆ ತೇದು ನೆಕ್ಕಿಸಬೇಕೆಂದಿದ್ದೇನೆ, ಸೊಸೆ ಬೇಡವೆನ್ನುತ್ತಾಳೆ. ಎಣ್ಣೆ ಹಚ್ಚಿ ನೀರೆರೆಯುವುದಕ್ಕೂ ಹೆದರುತ್ತಾಳೆ. ಮಗ ಬೆಂಗಳೂರಿನಿಂದ ವಾಕರ್ ತಂದಿಟ್ಟಿದ್ದಾನೆ. ಯಾರ ಮಾತು ಸರಿ?
— ಒಬ್ಬ ಅಜ್ಜಿ, ಕೊಪ್ಪ

ಉತ್ತರ: ಬಜೆಯ ವಿಷಯದಲ್ಲಿ ಸೊಸೆಯದು ಸರಿ. ಬಜೆಯಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ. ಅದರಲ್ಲಿರುವ ಬೀಟಾ ಆಸರೋನ್ ಎಂಬ ಅಂಶ ಹಾನಿಕರ, ತೇಯುವ ಕಲ್ಲಿನಿಂದ ಸೋಂಕೂ ಬರಬಹುದು. ಎಣ್ಣೆಯ ವಿಷಯದಲ್ಲಿ ನಿಮ್ಮದು ಸರಿ. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಒಳ್ಳೆಯದೇ, ತೂಕ ಏರಲೂ ಅದು ನೆರವಾಗುತ್ತದೆಂದು ಅಧ್ಯಯನಗಳು ಹೇಳಿವೆ. ಆದರೆ ಮೂಗಿಗೆ ಕಿವಿಗೆ ಎಣ್ಣೆ ಬಿಡಬಾರದು, ಕೈಕಾಲು ಎಳೆದು ಮುರಿಯಬಾರದು, ಬಚ್ಚಲಿನ ಒಲೆಯ ಹೊಗೆ ಕೂಸಿನ ಮುಖಕ್ಕೆ ಬರಬಾರದು. ವಾಕರ್ ಯಾರ ಪರವೂ ಅಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮಗು ಉರುಳಿ ಬೀಳುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ಜಗಲಿಗೂ ಅಂಗಳಕ್ಕೂ ನಡುವೆ ಮೆಟ್ಟಿಲಿರುವ ನಮ್ಮ ಮನೆಗಳಲ್ಲಂತೂ ಅದು ಬೇಡವೇ ಬೇಡ. ಎಚ್ಚರವಿದ್ದಾಗ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ ನೀವು ಎದುರಿಗೆ ಕುಳಿತುಕೊಳ್ಳಿ, ತಲೆ ಎತ್ತಲು ಅದೇ ವ್ಯಾಯಾಮ. ನಿದ್ದೆಗೆ ಮಾತ್ರ ಬೆನ್ನ ಮೇಲೆಯೇ ಮಲಗಿಸಬೇಕು.

ಮಾತು ಬರಬೇಕಾದರೆ ಮಾತು ಕೇಳಬೇಕು. ಅವಳು ‘ಊಂ’ ಎಂದರೆ ನೀವು ‘ಊಂ’ ಎನ್ನಿ, ಅವಳ ಸರದಿಗೆ ಕಾಯಿರಿ, ಮನೆಯಲ್ಲಿ ಆಡುವ ಮಾತಿನಲ್ಲೇ ಹಾಡಿ. ಈ ಕೆಲಸವನ್ನು ಮೊಬೈಲಿಗೆ ವಹಿಸಬೇಡಿ. ಎರಡು ವರ್ಷದೊಳಗೆ ಪರದೆ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಸಂಘವೂ ಹೇಳಿದೆ. ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನು ಸೊಸೆಗೆ ತಿಳಿಸಿ: ಬೆಳವಣಿಗೆಗೆ ತಿದ್ದಿದ ವಯಸ್ಸನ್ನು ಹಿಡಿದರೂ ಲಸಿಕೆಗೆ ಹುಟ್ಟಿದ ದಿನಾಂಕವೇ ಲೆಕ್ಕ. ಏಳು ವಾರ ಬೇಗ ಹುಟ್ಟಿದಳೆಂದು ಏಳು ವಾರ ತಡವಾಗಿ ಲಸಿಕೆ ಹಾಕಿಸಬಾರದು. ನಾಲ್ಕು ತಿಂಗಳಾಗಿರುವುದರಿಂದ ಆರು, ಹತ್ತು ಮತ್ತು ಹದಿನಾಲ್ಕನೇ ವಾರದ ಲಸಿಕೆಗಳು ಆಗಿವೆಯೇ ಎಂದು ತಾಯಿ ಕಾರ್ಡನ್ನು ತೆರೆದು ನೋಡಲಿ.